ಪಿಟಿಎಚ್ ನಾರ್ಮಲ್ ಇದ್ದರೂ ಶಸ್ತ್ರಚಿಕಿತ್ಸೆಯೇ?

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಸುಸ್ತು, ಮಲಬದ್ಧತೆ ಎಂದು ರಕ್ತಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ 10.9 ಬಂತು, ಒಂದು ತಿಂಗಳ ನಂತರ 11.1. ಪ್ರಯೋಗಾಲಯದವರ ಮೇಲ್ಮಿತಿ 10.2. ಪಿಟಿಎಚ್ ಹಾರ್ಮೋನು 61. ಅದರ ಮಿತಿ 15ರಿಂದ 65 ಎಂದು ವರದಿಯಲ್ಲೇ ಇದೆ. ವಿಟಮಿನ್ ಡಿ 13. ಕತ್ತಿನ ಅಲ್ಟ್ರಾಸೌಂಡಿನಲ್ಲಿ ಥೈರಾಯ್ಡಿನ ಎಡಭಾಗದ ಹಿಂದೆ 9 ಮಿಲಿಮೀಟರಿನ ಗಂಟು ಕಂಡಿದೆ. ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಯಬೇಕಾಗಬಹುದು ಎಂದ ಶಸ್ತ್ರಚಿಕಿತ್ಸಕರು, ಅದಕ್ಕೆ ಮೊದಲು ಮಾಡಿಸಬೇಕಾದ ಪರೀಕ್ಷೆಗಳ ಉದ್ದನೆಯ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಈಗಾಗಲೇ ಮಾಡಿಸಿರುವ ಕ್ಯಾಲ್ಸಿಯಂ, ಪಿಟಿಎಚ್ ಮತ್ತೆ ಇವೆ. 24 ಗಂಟೆಯ ಮೂತ್ರವನ್ನೂ ಸಂಗ್ರಹಿಸಬೇಕಂತೆ. ಪಿಟಿಎಚ್ ಮಿತಿಯೊಳಗೇ ಇರುವಾಗ ಶಸ್ತ್ರಚಿಕಿತ್ಸೆ ಏಕೆ? ಗಂಟು ಕಂಡಾಗಿದೆ, ಮತ್ತೆ ಇಷ್ಟೊಂದು ಪರೀಕ್ಷೆ ಏಕೆ? ವಿಟಮಿನ್ ಡಿ ಮಾತ್ರೆ ಕೇಳಿದರೆ, ಕ್ಯಾಲ್ಸಿಯಂ ಜಾಸ್ತಿ ಇರುವವರು ಅದನ್ನು ಮುಟ್ಟಲೇಬಾರದು ಎಂದು ಔಷಧ ಅಂಗಡಿಯವರು ಹೇಳಿದರು. ಅಮ್ಮ ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಇದನ್ನೂ ತಿಳಿಸಬೇಕೆನಿಸಿತು.

ಉತ್ತರ: ಕೊನೆಗೆ ‘ಇದನ್ನೂ ತಿಳಿಸಬೇಕೆನಿಸಿತು’ ಎಂದು ಸೇರಿಸಿದ ವಾಕ್ಯವೇ ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 61ರ ವಿಷಯ.

ವರದಿಯಲ್ಲಿ ಅಂಕಿಯ ಪಕ್ಕ ಅಚ್ಚಾಗಿರುವ ಮಿತಿ, ರಕ್ತದ ಕ್ಯಾಲ್ಸಿಯಂ ಸರಿಯಾಗಿರುವ ಆರೋಗ್ಯವಂತರ ಮಿತಿ. ನಿಮ್ಮ ತಾಯಿಯವರ ಕ್ಯಾಲ್ಸಿಯಂ ಸರಿಯಾಗಿಲ್ಲ. ಕತ್ತಿನಲ್ಲಿ ಥೈರಾಯ್ಡಿನ ಹಿಂದೆ, ಒಂದೊಂದೂ 30ರಿಂದ 50 ಮಿಲಿಗ್ರಾಂ ತೂಗುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಸುರಿಸುವುದು, ಏರಿದರೆ ನಿಲ್ಲಿಸುವುದು, ಇದೇ ಅವುಗಳ ಕೆಲಸ. ಆ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ವಿಟಮಿನ್ ಡಿಯನ್ನು ಚುರುಕಾಗಿಸಿ ಕರುಳಿನಿಂದ ಹೆಚ್ಚು ಹೀರಿಸುತ್ತದೆ. ಹೀಗಿರುವಾಗ ಕ್ಯಾಲ್ಸಿಯಂ 11.1 ಇದ್ದರೆ ಆರೋಗ್ಯವಾದ ಗ್ರಂಥಿಗಳು ಬಹುಮಟ್ಟಿಗೆ ಸುಮ್ಮನಾಗಿರಬೇಕಿತ್ತು. ಪಿಟಿಎಚ್ ಕೆಳಮಿತಿಯ ಸುತ್ತಮುತ್ತ ಅಥವಾ ಅದಕ್ಕಿಂತಲೂ ಕೆಳಗೆ ಬರಬೇಕಿತ್ತು. ಮೇಲಿನ ಟ್ಯಾಂಕ್ ತುಂಬಿ ಹರಿಯುತ್ತಿರುವಾಗ ಪಂಪು ‘ಮಾಮೂಲಿ ವೇಗದಲ್ಲಿ’ ಓಡುತ್ತಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ನೀವು ಒಪ್ಪುವಿರಾ? ಆ ಹೊತ್ತಿನಲ್ಲಿ ಪಂಪು ಓಡುತ್ತಿರುವುದೇ ತಪ್ಪು. ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಇರುವವರಲ್ಲಿ ಹಲವರ ಪಿಟಿಎಚ್ ಹೀಗೆ ಮಿತಿಯೊಳಗೇ, ಆದರೆ ಮೇಲಿನ ಅರ್ಧದಲ್ಲಿ ಇರುತ್ತದೆ. ‘ನಾರ್ಮಲ್’ ಎಂಬ ಮುದ್ರೆ ನೋಡಿ ಸುಮ್ಮನಾಗಿ, ವರ್ಷಗಟ್ಟಲೆ ಮೂಳೆ ಸವೆಸಿಕೊಂಡು ಬರುವ ರೋಗಿಗಳು ನಮಗೆ ಹೊಸಬರಲ್ಲ.

ಇನ್ನೊಂದು ಮಾತನ್ನೂ 61 ಹೇಳುತ್ತಿದೆ, ಅದು ಸಮಾಧಾನದ ಮಾತು. ಕ್ಯಾಲ್ಸಿಯಂ ಏರಿಕೆಗೆ ಅತಿ ಸಾಮಾನ್ಯವಾದ ಎರಡು ಕಾರಣಗಳೆಂದರೆ ಈ ಗ್ರಂಥಿಗಳ ತೊಂದರೆ ಮತ್ತು ದೇಹದಲ್ಲಿ ಬೇರೆಲ್ಲೋ ಇರುವ ಕ್ಯಾನ್ಸರ್. ಕ್ಯಾನ್ಸರಿನಿಂದ ಕ್ಯಾಲ್ಸಿಯಂ ಏರಿದರೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆರೋಗ್ಯವಾಗಿಯೇ ಇರುವುದರಿಂದ ಪಿಟಿಎಚ್ ಕುಸಿದುಹೋಗುತ್ತದೆ. 61 ಅಂಥ ಅಂಕಿ ಅಲ್ಲ.

ಹಾಗಾದರೆ ರೋಗ ಖಚಿತವಾಯಿತಲ್ಲ, ಮತ್ತೆ ರಕ್ತ ಏಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಮಾಡಿಸಿದ್ದನ್ನೇ ಮತ್ತೆ ಮಾಡಿಸಿ ಎಂದಾಗ ಅನುಮಾನ ಬರುವುದು ಸಹಜ. ಹಾಗೆ ಅನುಮಾನಿಸಿದ್ದಕ್ಕೆ ನಾನು ಬೇಸರ ಪಡುವುದಿಲ್ಲ. ಆದರೆ ಈ ಕಾಯಿಲೆಯಲ್ಲಿ ಯಾವ ಅಂಕಿಯೂ ಒಂಟಿಯಾಗಿ ನಿಂತು ಏನನ್ನೂ ಹೇಳುವುದಿಲ್ಲ. ಕ್ಯಾಲ್ಸಿಯಂ ಪಕ್ಕದಲ್ಲಿ ಪಿಟಿಎಚ್, ಪಿಟಿಎಚ್ ಪಕ್ಕದಲ್ಲಿ ವಿಟಮಿನ್ ಡಿ, ಇವೆಲ್ಲದರ ಪಕ್ಕದಲ್ಲಿ ಮೂತ್ರದ ಕ್ಯಾಲ್ಸಿಯಂ ಇಟ್ಟು ಓದಬೇಕು. ಅದರಲ್ಲೂ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಒಂದೇ ದಿನ, ಒಂದೇ ಸಲ ಚುಚ್ಚಿ ತೆಗೆದ ರಕ್ತದ್ದಾಗಿರಬೇಕು. ಪಿಟಿಎಚ್ ರಕ್ತದಲ್ಲಿ ಬಾಳುವುದು ನಿಮಿಷಗಳ ಲೆಕ್ಕದಲ್ಲಿ. ಮೂರು ನಾಲ್ಕು ನಿಮಿಷಕ್ಕೆ ಅರ್ಧ ಕರಗಿರುತ್ತದೆ. ಜನವರಿಯ ಕ್ಯಾಲ್ಸಿಯಮ್ಮನ್ನು ಮಾರ್ಚಿನ ಪಿಟಿಎಚ್ ಜೊತೆ ಜೋಡಿಸಿ ತೀರ್ಮಾನಕ್ಕೆ ಬರುವುದು ನನಗಂತೂ ಒಪ್ಪಿಗೆಯಿಲ್ಲ. ನಿಮ್ಮ ವರದಿಗಳ ದಿನಾಂಕ ನೋಡಿಕೊಳ್ಳಿ. ಎರಡೂ ಬೇರೆ ಬೇರೆ ದಿನದವಾಗಿದ್ದರೆ ಪುನರಾವರ್ತನೆಗೆ ಅಷ್ಟೇ ಕಾರಣ ಸಾಕು.

ಕ್ಯಾಲ್ಸಿಯಂ ಅಂಕಿಯಲ್ಲೂ ಒಂದು ಸೂಕ್ಷ್ಮವಿದೆ. ರಕ್ತದ ಕ್ಯಾಲ್ಸಿಯಮ್ಮಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಬಿಡುವಾಗಿ ಓಡಾಡುತ್ತಿರುತ್ತದೆ. ಉಳಿದದ್ದರಲ್ಲಿ ಬಹುಪಾಲು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಗ್ರಂಥಿಗೆ ತಿಳಿಯುವುದು ಬಿಡುವಾದದ್ದು ಮಾತ್ರ, ಮಾಮೂಲಿ ಪರೀಕ್ಷೆ ಅಳೆಯುವುದು ಎಲ್ಲವನ್ನೂ ಸೇರಿಸಿ. ಆದ್ದರಿಂದ ಅಲ್ಬುಮಿನ್ ನೋಡದೆ ಒಟ್ಟು ಕ್ಯಾಲ್ಸಿಯಮ್ಮಿಗೆ ಬೆಲೆ ಕಟ್ಟಲಾಗದು. ಲೆಕ್ಕ ಸುಲಭ: ಅಲ್ಬುಮಿನ್ 4.0 ಗ್ರಾಮಿಗಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಮ್ಮಿಗೆ ಕೂಡಬೇಕು, ಹೆಚ್ಚಿದ್ದರೆ ಕಳೆಯಬೇಕು. ನಿಮ್ಮ ತಾಯಿಯವರ ಅಲ್ಬುಮಿನ್ 3.4 ಇದ್ದಿದ್ದರೆ ಆ 11.1 ನಿಜದಲ್ಲಿ ಸುಮಾರು 11.6. ಅದೇ ಅಲ್ಬುಮಿನ್ 4.8 ಇದ್ದಿದ್ದರೆ ಸುಮಾರು 10.5, ಅಂದರೆ ಮಿತಿಯಿಂದ ಒಂದಿಷ್ಟೇ ಮೇಲೆ. ಈ ಎರಡು ಚಿತ್ರಗಳ ನಡುವೆ ಬಹಳ ಅಂತರವಿದೆ. ನೀವು ಬರೆದ ಅಂಕಿಗಳಲ್ಲಿ ಅಲ್ಬುಮಿನ್ ಇಲ್ಲ. ಪಟ್ಟಿಯಲ್ಲಿ ಅಯಾನಿಕ್ ಕ್ಯಾಲ್ಸಿಯಂ ಎಂದು ಇದ್ದರೆ ಅದು ಬಿಡುವಾದ ಕ್ಯಾಲ್ಸಿಯಮ್ಮನ್ನೇ ನೇರವಾಗಿ ಅಳೆಯುವ ಪರೀಕ್ಷೆ. ಅಂಕಿ ಗಡಿಯಲ್ಲಿ ತೂಗಾಡುತ್ತಿರುವಾಗ ಅದು ಬಹಳ ಉಪಯುಕ್ತ. ಆದರೆ ಮಾದರಿಗೆ ಗಾಳಿ ತಾಗದಂತೆ, ತಡಮಾಡದೆ ಅಳೆಯಬೇಕು, ಇಲ್ಲದಿದ್ದರೆ ಅದೇ ದಾರಿ ತಪ್ಪಿಸುತ್ತದೆ.

ರಕ್ತ ತೆಗೆಯುವ ರೀತಿಯಿಂದಲೂ ಅಂಕಿ ಕೆಡುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ತೋಳಿಗೆ ಪಟ್ಟಿ ಬಿಗಿದು, ನರ ಸಿಗಲಿಲ್ಲವೆಂದು ಹುಡುಕುತ್ತ, ಮುಷ್ಟಿ ಬಿಗಿಸಿ ಸಡಿಲಿಸಿ ಎನ್ನುತ್ತ ಕೂತರೆ ಆ ಜಾಗದ ರಕ್ತ ಗಟ್ಟಿಯಾಗಿ ಅಲ್ಬುಮಿನ್ನೂ ಅದಕ್ಕೆ ಅಂಟಿದ ಕ್ಯಾಲ್ಸಿಯಮ್ಮೂ ಹುಸಿಯಾಗಿ ಏರುತ್ತವೆ. ಇನ್ನು ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕವಿರುತ್ತದೆ. ಅದರ ಒಂದಿಷ್ಟು ಅಂಶ ಬೇರೆ ಕೊಳವೆಗೆ ಸೇರಿದರೂ ಕ್ಯಾಲ್ಸಿಯಂ ಕಡಿಮೆ ಎಂದೂ ಪೊಟ್ಯಾಸಿಯಂ ಹೆಚ್ಚು ಎಂದೂ ವರದಿ ಬರುತ್ತದೆ. ಅನುಭವಸ್ಥ ತಂತ್ರಜ್ಞರು ಕೊಳವೆಗಳನ್ನು ಗೊತ್ತಾದ ಕ್ರಮದಲ್ಲೇ ತುಂಬಿಸುವುದು ಇದಕ್ಕೇ. ಒಂದೇ ಸಲದ ಅಂಕಿಯನ್ನು ನಂಬಿ ಯಾರೂ ಕತ್ತು ಕೊಯ್ಯಬಾರದು ಎಂಬ ನಿಯಮವೂ ಇದಕ್ಕೇ.

ಪಿಟಿಎಚ್‌ಗೆ ಬೇರೆಯದೇ ತಂಟೆಯಿದೆ. ಕೂದಲು, ಉಗುರು ಚೆನ್ನಾಗಿ ಬೆಳೆಯಲಿ ಎಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಭಾರೀ ಪ್ರಮಾಣದಲ್ಲಿರುತ್ತದೆ. ಪಿಟಿಎಚ್ ಅಳೆಯುವ ಅನೇಕ ಯಂತ್ರಗಳ ರಾಸಾಯನಿಕ ವ್ಯವಸ್ಥೆ ಬಯೋಟಿನ್ ಮೇಲೆಯೇ ನಿಂತಿರುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಪಿಟಿಎಚ್ ಹುಸಿಯಾಗಿ ಕಡಿಮೆ ಬರುತ್ತದೆ. ಅಂದರೆ 90 ಇರುವುದು 60 ಎಂದು ಕಾಣಬಹುದು. ನಿಮ್ಮ ತಾಯಿಯವರು ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು. ಪ್ರಮಾಣ ತೀರಾ ಹೆಚ್ಚಿದ್ದರೆ ಇನ್ನೂ ಮೊದಲೇ. ಅದನ್ನು ‘ಔಷಧಿಯಲ್ಲ, ಬರೀ ವಿಟಮಿನ್’ ಎಂದುಕೊಂಡು ವೈದ್ಯರಿಗೆ ಹೇಳದೇ ಇರುವವರೇ ಹೆಚ್ಚು. ಹಳೆಯ ಅಂಕಿಯೊಡನೆ ಹೊಸದನ್ನು ಹೋಲಿಸಬೇಕಿದ್ದರೆ ಅದೇ ಪ್ರಯೋಗಾಲಯಕ್ಕೆ ಹೋಗಿ, ಸಾಧ್ಯವಾದರೆ ದಿನದ ಅದೇ ಹೊತ್ತಿಗೆ. ಬೇರೆ ಬೇರೆ ಯಂತ್ರಗಳ ಪಿಟಿಎಚ್ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಈಗ ರಕ್ತದೊತ್ತಡದ ಮಾತ್ರೆ. ಥಯಾಜೈಡ್ ಗುಂಪಿನ ಔಷಧಿಗಳು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಮ್ಮನ್ನು ತಡೆದು ರಕ್ತಕ್ಕೆ ಮರಳಿಸುತ್ತವೆ. ಹಾಗಾಗಿ ಒಂದೇ ಮಾತ್ರೆ ಎರಡು ಅಂಕಿಗಳನ್ನು ಕೆಡಿಸುತ್ತದೆ: ರಕ್ತದ ಕ್ಯಾಲ್ಸಿಯಂ ಏರುತ್ತದೆ, ಮೂತ್ರದ ಕ್ಯಾಲ್ಸಿಯಂ ಇಳಿಯುತ್ತದೆ. ನಿಮ್ಮ ತಾಯಿಯವರ 11.1ರಲ್ಲಿ ಮಾತ್ರೆಯ ಪಾಲೆಷ್ಟು, ಗ್ರಂಥಿಯ ಪಾಲೆಷ್ಟು ಎಂಬುದು ಮಾತ್ರೆ ನಿಲ್ಲಿಸದೆ ತಿಳಿಯುವುದಿಲ್ಲ. ಬರೀ ಮಾತ್ರೆಯಿಂದಲೇ ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ ಕಡಿಮೆಯಾಗಬೇಕಿತ್ತು, ಆಗಿಲ್ಲ. ಆದ್ದರಿಂದ ಗ್ರಂಥಿಯ ತೊಂದರೆಯೇ ಇದ್ದು, ಮಾತ್ರೆ ಅದನ್ನು ಬಯಲಿಗೆ ತಂದಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಊಹೆ. ಊಹೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಲಾಗದು. ರಕ್ತದೊತ್ತಡ ನೋಡುವ ವೈದ್ಯರನ್ನು ಕೇಳಿ ಬೇರೆ ಗುಂಪಿನ ಔಷಧಿಗೆ ಬದಲಾಯಿಸಿ, ಕನಿಷ್ಠ ಎರಡು ವಾರ, ಸಾಧ್ಯವಾದರೆ ಇನ್ನೂ ಹೆಚ್ಚು ಬಿಟ್ಟು, ಆಮೇಲೆ ರಕ್ತ ಮತ್ತು ಮೂತ್ರ ಕೊಡಿ. ನೀವಾಗಿಯೇ ನಿಲ್ಲಿಸಬೇಡಿ. ಕ್ಯಾಲ್ಸಿಯಂ ಲೆಕ್ಕ ಸರಿಮಾಡಲು ಹೋಗಿ ರಕ್ತದೊತ್ತಡ ಏರಿಸಿಕೊಂಡರೆ ಏನು ಬಂತು? ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಸಹ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡನ್ನೂ ಏರಿಸಬಲ್ಲದು. ನಿಮ್ಮ ತಾಯಿಯವರಿಗೆ ಅದು ಅನ್ವಯಿಸಲಾರದು, ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳಿದೆ. ಅದನ್ನಂತೂ ಮನೋವೈದ್ಯರ ಮಾತಿಲ್ಲದೆ ಒಂದು ದಿನವೂ ತಪ್ಪಿಸಬಾರದು.

ವಿಟಮಿನ್ ಡಿ ವಿಚಾರದಲ್ಲಿ ಔಷಧ ಅಂಗಡಿಯವರು ಹೇಳಿದ್ದರ ಹಿಂದೆ ಒಳ್ಳೆಯ ಉದ್ದೇಶವಿತ್ತು, ತರ್ಕವೂ ಇತ್ತು: ಡಿ ಕೊಟ್ಟರೆ ಕ್ಯಾಲ್ಸಿಯಂ ಇನ್ನೂ ಏರುತ್ತದಲ್ಲ! ಒಂದು ಕಾಲದಲ್ಲಿ ವೈದ್ಯರೂ ಹಾಗೆಯೇ ಹೆದರುತ್ತಿದ್ದರು. ಈಗಿನ ತಿಳಿವಳಿಕೆ ಬೇರೆ. ಕೊರತೆಯಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ತುಂಬಿಸಬೇಕು, ಆದರೆ ಎಚ್ಚರಿಕೆಯಿಂದ. ಇದಕ್ಕೆ ಮೂರು ಕಾರಣಗಳಿವೆ. ವಿಟಮಿನ್ ಡಿ ಕೊರತೆಯೇ ಪಿಟಿಎಚ್ ಅನ್ನು ಏರಿಸುತ್ತದೆ, ಹಾಗಾಗಿ 61ರಲ್ಲಿ ಎಷ್ಟು ಭಾಗ ಆ ಕೊರತೆಗೆ ಬಂದ ಪ್ರತಿಕ್ರಿಯೆ ಎಂಬುದು ಮಸುಕಾಗುತ್ತದೆ. ಕೊರತೆ ಇರುವಾಗ ಮೂತ್ರದ ಕ್ಯಾಲ್ಸಿಯಂ ಇಳಿದು ಮುಂದೆ ಹೇಳಲಿರುವ ಬೇರೊಂದು ಸ್ಥಿತಿಯ ವೇಷ ಹಾಕುತ್ತದೆ. ಮೂರನೆಯದು, ಶಸ್ತ್ರಚಿಕಿತ್ಸೆಯ ನಂತರ ಕ್ಯಾಲ್ಸಿಯಂ ಇದ್ದಕ್ಕಿದ್ದಂತೆ ಕುಸಿದಾಗ ದೇಹಕ್ಕೆ ಆಸರೆಯಾಗುವುದು ಈ ದಾಸ್ತಾನೇ. 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತೇವೆ. ಈ ಕಾಯಿಲೆಯವರಲ್ಲಿ 30 ದಾಟಿಸಲು ಅನೇಕ ತಜ್ಞರು ಬಯಸುತ್ತಾರೆ. ನಿಮ್ಮ ತಾಯಿಯವರ 13ಕ್ಕೆ ಸಾಧಾರಣ ದೈನಂದಿನ ಪ್ರಮಾಣದಲ್ಲಿ ಕೊಟ್ಟು, ಕೆಲವು ವಾರಗಳಿಗೊಮ್ಮೆ ಕ್ಯಾಲ್ಸಿಯಂ ನೋಡುತ್ತ ಹೋಗುವುದು ರೂಢಿ. ಒಮ್ಮೆಲೇ ಭಾರೀ ಡೋಸ್ ನುಂಗುವುದು ಬೇಡ, ಚುಚ್ಚುಮದ್ದೂ ಬೇಡ. ಕ್ಯಾಲ್ಸಿಯಂ ಈಗಾಗಲೇ 12 ದಾಟಿದವರಲ್ಲಿ ಈ ನಿರ್ಧಾರ ಬೇರೆಯಾಗಬಹುದು. ಅಲ್ಲಿ ಡಿ ತುಂಬುವವರೆಗೆ ಕಾಯುವುದಕ್ಕಿಂತ ಶಸ್ತ್ರಚಿಕಿತ್ಸೆಯನ್ನು ಬೇಗ ಮುಗಿಸುವುದೇ ಲೇಸಾದೀತು.

ಪರೀಕ್ಷೆ ಕೇಳುವಾಗ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಎಂದೇ ಕೇಳಿ. ‘1,25’ ಎಂಬ ಇನ್ನೊಂದು ಬಗೆಯಿದೆ. ಪಿಟಿಎಚ್ ಹೆಚ್ಚಿರುವವರಲ್ಲಿ ಕೊರತೆಯಿದ್ದರೂ ಅದು ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಂಡು ಮೋಸ ಮಾಡುತ್ತದೆ. ಹಾಗೆಯೇ, ಕ್ಯಾಲ್ಸಿಯಂ ಹೆಚ್ಚಿದೆಯೆಂದು ಹಾಲು ಮೊಸರನ್ನೆಲ್ಲ ಬಿಡಿಸಬೇಡಿ. ಈ ಕಾಯಿಲೆಯಲ್ಲಿ ಕ್ಯಾಲ್ಸಿಯಂ ಏರುವುದು ತಟ್ಟೆಯಿಂದಲ್ಲ. ಆಹಾರದಲ್ಲಿ ತೀರಾ ಕಡಿಮೆ ಮಾಡಿದರೆ ಪಿಟಿಎಚ್ ಇನ್ನಷ್ಟು ಕೆರಳಿ ಮೂಳೆಯಿಂದ ಕೀಳುತ್ತದೆ.

24 ಗಂಟೆಯ ಮೂತ್ರ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬೇಕೆಂದು ಎಲ್ಲರಿಗೂ ಅನಿಸುತ್ತದೆ. ಕ್ಯಾನು ಹಿಡಿದು ದಿನವಿಡೀ ಕಾಯುವುದು ಮುಜುಗರದ ಕೆಲಸವೇ ಸರಿ. ಆದರೆ ಇಡೀ ಪಟ್ಟಿಯಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆಯಿಂದ ಒಬ್ಬರನ್ನು ಉಳಿಸಬಲ್ಲ ಪರೀಕ್ಷೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಗ್ರಹಿಸುವ ವ್ಯವಸ್ಥೆಯಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಗ್ರಂಥಿಯೂ ಮೂತ್ರಪಿಂಡವೂ ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಇರುವುದಕ್ಕಿಂತ ಕಡಿಮೆ ಎಂದು ಭಾವಿಸುತ್ತವೆ. ಅವರ ಕ್ಯಾಲ್ಸಿಯಂ ಜೀವನಪೂರ್ತಿ ಸ್ವಲ್ಪ ಹೆಚ್ಚು, ಪಿಟಿಎಚ್ ಮಿತಿಯೊಳಗೆ ಅಥವಾ ತುಸು ಮೇಲೆ. ಅಂದರೆ ನಿಮ್ಮ ತಾಯಿಯವರ ವರದಿಯ ಹಾಗೆಯೇ! ವ್ಯತ್ಯಾಸ ಒಂದೇ: ಅವರ ಮೂತ್ರಪಿಂಡ ಕ್ಯಾಲ್ಸಿಯಮ್ಮನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಸಾಮಾನ್ಯವಾಗಿ ಇದರಿಂದ ಯಾವ ಹಾನಿಯೂ ಇಲ್ಲ, ಗ್ರಂಥಿ ತೆಗೆದರೆ ಯಾವ ಲಾಭವೂ ಇಲ್ಲ. ತೆಗೆದ ಮೇಲೂ ಕ್ಯಾಲ್ಸಿಯಂ ಅಲ್ಲೇ ನಿಂತಿರುತ್ತದೆ, ಕತ್ತಿನ ಮೇಲೆ ಗಾಯದ ಗುರುತೊಂದು ಉಳಿಯುತ್ತದೆ. ಇದಕ್ಕೆ ಎಫ್‌ಎಚ್‌ಎಚ್ ಎಂಬ ಸಂಕ್ಷಿಪ್ತ ಹೆಸರಿದೆ.

ಎರಡನ್ನೂ ಬೇರ್ಪಡಿಸುವ ಲೆಕ್ಕ ಹೀಗಿದೆ. ಇದರಲ್ಲಿ ಬರುವ ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ. 24 ಗಂಟೆಯ ಮೂತ್ರದ ಕ್ಯಾಲ್ಸಿಯಮ್ಮನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ. ಬಂದದ್ದನ್ನು ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ. ಉದಾಹರಣೆಗೆ ರಕ್ತದಲ್ಲಿ ಕ್ಯಾಲ್ಸಿಯಂ 11, ಕ್ರಿಯಾಟಿನಿನ್ 0.8, ಮೂತ್ರದಲ್ಲಿ ದಿನಕ್ಕೆ ಕ್ಯಾಲ್ಸಿಯಂ 320 ಮಿಲಿಗ್ರಾಂ, ಕ್ರಿಯಾಟಿನಿನ್ 1000 ಮಿಲಿಗ್ರಾಂ ಎನ್ನೋಣ. ಉತ್ತರ 0.023. ಇದು 0.02ಕ್ಕಿಂತ ಮೇಲಿರುವುದರಿಂದ ಗ್ರಂಥಿಯ ಅತಿಚಟುವಟಿಕೆಯ ಕಡೆ ವಾಲುತ್ತದೆ. ಮೂತ್ರದ ಕ್ಯಾಲ್ಸಿಯಂ ಬರೀ 80 ಮಿಲಿಗ್ರಾಂ ಇದ್ದಿದ್ದರೆ ಉತ್ತರ ಸುಮಾರು 0.006; 0.01ಕ್ಕಿಂತ ಕೆಳಗಿದ್ದರೆ ಎಫ್‌ಎಚ್‌ಎಚ್ ಅನುಮಾನ ಬಲವಾಗುತ್ತದೆ. ನಡುವೆ ಬಿದ್ದರೆ ಜೀನ್ ಪರೀಕ್ಷೆ ಬೇಕಾಗಬಹುದು. ಥಯಾಜೈಡ್ ಮಾತ್ರೆಯೂ ವಿಟಮಿನ್ ಡಿ ಕೊರತೆಯೂ ಎರಡೂ ಮೂತ್ರದ ಕ್ಯಾಲ್ಸಿಯಮ್ಮನ್ನು ಇಳಿಸುತ್ತವೆ ಎಂದೆನಲ್ಲ, ನಿಮ್ಮ ತಾಯಿಯವರಲ್ಲಿ ಎರಡೂ ಇವೆ. ಇವತ್ತೇ ಮೂತ್ರ ಸಂಗ್ರಹಿಸಿದರೆ ಬರುವ ಅಂಕಿ ಯಾರಿಗೂ ಉಪಯೋಗಕ್ಕೆ ಬಾರದು. ಆದ್ದರಿಂದ ಪಟ್ಟಿಯಲ್ಲಿ ಏನಿದೆ ಎಂಬಷ್ಟೇ ಮುಖ್ಯ, ಅದನ್ನು ಯಾವ ಕ್ರಮದಲ್ಲಿ ಮಾಡಿಸುತ್ತೀರಿ ಎಂಬುದು: ಮೊದಲು ಮಾತ್ರೆ ಬದಲಾವಣೆ ಮತ್ತು ವಿಟಮಿನ್ ಡಿ, ಕೆಲವು ವಾರ ಕಳೆದ ಮೇಲೆ ರಕ್ತ ಮತ್ತು ಮೂತ್ರ ಒಟ್ಟಿಗೆ.

ಸಂಗ್ರಹಿಸುವಾಗ ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಗಂಟೆ ಬರೆದಿಟ್ಟುಕೊಂಡು, ಅಲ್ಲಿಂದ ಮರುದಿನ ಅದೇ ಹೊತ್ತಿನ ಮೊದಲ ಮೂತ್ರದವರೆಗೆ ಒಂದು ಹನಿಯೂ ಬಿಡದೆ ತುಂಬಿಸಬೇಕು. ಒಂದು ಸಲ ಮರೆತರೂ ವೈದ್ಯರಿಗೆ ಹೇಳಿ, ಇನ್ನೊಂದು ದಿನ ಮಾಡಿದರಾಯಿತು. ಮರೆತದ್ದನ್ನು ಮುಚ್ಚಿಟ್ಟು ಕೊಟ್ಟ ಕ್ಯಾನು ಎಫ್‌ಎಚ್‌ಎಚ್ ಎಂಬ ಸುಳ್ಳು ಹಣೆಪಟ್ಟಿಗೆ ಕಾರಣವಾಗಲಾರದು, ಏಕೆಂದರೆ ಮೇಲಿನ ಲೆಕ್ಕದಲ್ಲಿ ಕ್ರಿಯಾಟಿನಿನ್ ಅದನ್ನು ಸರಿದೂಗಿಸುತ್ತದೆ. ಆದರೆ ದಿನಕ್ಕೆ ಒಟ್ಟು ಎಷ್ಟು ಕ್ಯಾಲ್ಸಿಯಂ ಹೋಗುತ್ತಿದೆ ಎಂಬ ಲೆಕ್ಕ ತಪ್ಪುತ್ತದೆ, ಅದೂ ಬೇಕಾದದ್ದೇ: ಹೆಂಗಸರಲ್ಲಿ 250, ಗಂಡಸರಲ್ಲಿ 300 ಮಿಲಿಗ್ರಾಂ ದಾಟಿದರೆ ಶಸ್ತ್ರಚಿಕಿತ್ಸೆಯ ಪರವಾದ ಒಂದು ಕಾರಣ ಸಿಕ್ಕಂತೆ.

ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾಲ್ಸಿಯಂ ಹೆಚ್ಚಿದೆಯೇ, ಅಜ್ಜಿಗೋ ಚಿಕ್ಕಮ್ಮನಿಗೋ ಕತ್ತಿನ ಶಸ್ತ್ರಚಿಕಿತ್ಸೆಯಾಗಿ ಫಲ ಸಿಗದೇ ಹೋಗಿತ್ತೇ ಎಂದು ವಿಚಾರಿಸಿ. ಎಫ್‌ಎಚ್‌ಎಚ್ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಅರ್ಧಕ್ಕರ್ಧ ಸಂಭವದಲ್ಲಿ ಇಳಿಯುತ್ತದೆ. ನಿಮ್ಮದೇ ಕ್ಯಾಲ್ಸಿಯಂ ಒಮ್ಮೆ ನೋಡಿಸಿಕೊಂಡರೆ ತಾಯಿಯವರ ರೋಗನಿರ್ಣಯಕ್ಕೂ ಸಹಾಯವಾದೀತು. ಹಳೆಯ ವರದಿಗಳನ್ನೂ ಕೆದಕಿ. ಹತ್ತು ವರ್ಷದ ಹಿಂದೆ 9.4 ಇದ್ದದ್ದು ಈಗ 11.1 ಆಗಿದ್ದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಖರ್ಚಿಲ್ಲದ ಇಂಥ ಸಾಕ್ಷ್ಯವನ್ನು ಬಹಳ ಮಂದಿ ಕಪಾಟಿನಲ್ಲೇ ಬಿಟ್ಟು ಬರುತ್ತಾರೆ.

ಕುಟುಂಬದ ಮಾತು ಬಂದಾಗ ಇನ್ನೊಂದು ವಿಷಯ. ನಲವತ್ತಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ, ಅಥವಾ ಮನೆಯಲ್ಲಿ ಹಲವರಿಗೆ ಈ ತೊಂದರೆಯಿದ್ದರೆ, ಆನುವಂಶಿಕ ಕಾಯಿಲೆಗಳನ್ನು ಹುಡುಕುತ್ತೇವೆ. ಅವುಗಳಲ್ಲೊಂದರಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆಯೂ ಜೊತೆಗಿರಬಹುದು, ಅದನ್ನು ಅರಿಯದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಅಂಥ ಅನುಮಾನವಿದ್ದಲ್ಲಿ ಮೆಟಾನೆಫ್ರಿನ್ ಎಂಬ ರಕ್ತಪರೀಕ್ಷೆ ಮೊದಲೇ ಆಗಲೇಬೇಕು. 56ರ ವಯಸ್ಸಿನಲ್ಲಿ, ಒಂದೇ ಗಂಟು ಕಂಡಿರುವ ನಿಮ್ಮ ತಾಯಿಯವರಿಗೆ ಇದು ಬೇಕಾಗುವ ಸಂಭವ ಕಡಿಮೆ.

ಉಳಿದ ಪರೀಕ್ಷೆಗಳಲ್ಲಿ ಕ್ರಿಯಾಟಿನಿನ್ ಮುಖ್ಯ. ಮೂತ್ರಪಿಂಡ ಸೋತಾಗ ಬೇರೆಯೇ ದಾರಿಯಿಂದ ಪಿಟಿಎಚ್ ಏರುತ್ತದೆ. ಮೂತ್ರಪಿಂಡದ ಶೋಧನಾ ಪ್ರಮಾಣ 60ಕ್ಕಿಂತ ಇಳಿದಿದ್ದರೆ ಅದೇ ಶಸ್ತ್ರಚಿಕಿತ್ಸೆಗೆ ಒಂದು ಕಾರಣವೂ ಹೌದು. ರಂಜಕ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೆಳಗಿರುತ್ತದೆ. ಅದೊಂದು ಪೋಷಕ ಸಾಕ್ಷಿ. ಮೂಳೆಯ ಚಟುವಟಿಕೆಯನ್ನು ಸೂಚಿಸುವ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮತ್ತು ಮೆಗ್ನೀಸಿಯಂ ಎರಡನ್ನೂ ರೋಗ ಕಂಡುಹಿಡಿಯಲೆಂದು ಕೇಳಿರುವುದಲ್ಲ, ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ದಿನಗಳಿಗಾಗಿ ಕೇಳಿರುವುದು. ವರ್ಷಗಟ್ಟಲೆ ಕ್ಯಾಲ್ಸಿಯಂ ಕಳೆದುಕೊಂಡ ಮೂಳೆಗಳು, ಪಿಟಿಎಚ್ ಇಳಿದ ಕೂಡಲೇ ರಕ್ತದಿಂದ ಅದನ್ನು ಗಬಗಬನೆ ಹೀರಿಕೊಳ್ಳಲು ತೊಡಗುತ್ತವೆ. ವೈದ್ಯರು ‘ಹಂಗ್ರಿ ಬೋನ್’ ಎನ್ನುವುದು ಇದನ್ನೇ. ಅಲ್ಕಲೈನ್ ಫಾಸ್ಫಟೇಸ್ ಬಹಳ ಹೆಚ್ಚಿದ್ದರೆ ಈ ಕುಸಿತ ತೀವ್ರವಾಗಿರಬಹುದೆಂಬ ಮುನ್ಸೂಚನೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಉಳಿದ ಗ್ರಂಥಿಗಳಿಂದ ಪಿಟಿಎಚ್ ಸರಿಯಾಗಿ ಹೊರಡುವುದೇ ಇಲ್ಲ, ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಅಂಕಿ ಮೇಲೇಳುವುದಿಲ್ಲ. ರಕ್ತಕಣಗಳ ಎಣಿಕೆ, ರಕ್ತ ಹೆಪ್ಪುಗಟ್ಟುವಿಕೆ, ಸಕ್ಕರೆ, ಪೊಟ್ಯಾಸಿಯಂ, ಇಸಿಜಿ ಇವೆಲ್ಲ ಅರಿವಳಿಕೆ ತಜ್ಞರಿಗಾಗಿ. ಯಾವ ಶಸ್ತ್ರಚಿಕಿತ್ಸೆಗಾದರೂ ಇವು ಇದ್ದದ್ದೇ.

ಇನ್ನು ಆ 9 ಮಿಲಿಮೀಟರಿನ ಗಂಟು. ಸ್ಕ್ಯಾನು ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದಿಲ್ಲ. ರೋಗ ಇದೆ ಎಂದು ರಕ್ತ ಹೇಳಿದ ಮೇಲೆ ಎಲ್ಲಿ ಕೈಹಾಕಬೇಕೆಂದು ಶಸ್ತ್ರಚಿಕಿತ್ಸಕರಿಗೆ ದಾರಿ ತೋರಿಸುತ್ತದೆ, ಅಷ್ಟೆ. ಅಲ್ಲಿ ಕಂಡದ್ದು ಥೈರಾಯ್ಡಿನದೇ ಗಂಟಾಗಿರಬಹುದು, ಲಿಂಫ್ ಗ್ರಂಥಿಯಾಗಿರಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದವರಿಗೂ ರಕ್ತಪರೀಕ್ಷೆ ಸ್ಪಷ್ಟವಾಗಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಗುಣಪಡಿಸುತ್ತೇವೆ. ಅಂಕಿಗಳಿಲ್ಲದ ಕಾಲದಲ್ಲಿ ವೈದ್ಯರು ಎಷ್ಟು ಕತ್ತಲಲ್ಲಿದ್ದರು ಎಂಬುದಕ್ಕೆ ಒಂದು ಕಥೆಯಿದೆ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರಚಿಕಿತ್ಸಕರು ಮೂಳೆ ಶಿಥಿಲವಾಗಿದ್ದ ಟ್ರಾಮ್ ಕಂಡಕ್ಟರ್ ಒಬ್ಬರಿಗೆ ಮೊದಲು ಮಾಡಿದ್ದು ಪ್ಯಾರಾಥೈರಾಯ್ಡ್ ಅಂಗಾಂಶವನ್ನು ಸೇರಿಸುವ ಕೆಲಸ. ಈ ಗ್ರಂಥಿಗಳ ಕೊರತೆಯಿಂದಲೇ ಮೂಳೆ ಹಾಳಾಗುತ್ತದೆ ಎಂಬುದು ಆಗಿನ ನಂಬಿಕೆ. ಗುಣ ಕಾಣದಿದ್ದಾಗ ಕತ್ತು ತೆರೆದು ನೋಡಿ ಗಡ್ಡೆ ತೆಗೆದರು, ರೋಗಿ ಚೇತರಿಸಿಕೊಂಡರು. ಕೆಲವು ವರ್ಷಗಳ ನಂತರ ಕಾಯಿಲೆ ಮರುಕಳಿಸಿತು. ರಕ್ತದಲ್ಲಿ ಪಿಟಿಎಚ್ ಅಳೆಯುವ ವಿಧಾನ ಬಂದದ್ದು 1963ರಲ್ಲಿ. ಅದನ್ನು ತಂದವರಲ್ಲಿ ಒಬ್ಬರಾದ ರೋಸಲಿನ್ ಯಾಲೋ ಅವರಿಗೆ ಹಾರ್ಮೋನುಗಳನ್ನು ಅಳೆಯುವ ಆ ತಂತ್ರಕ್ಕಾಗಿಯೇ 1977ರಲ್ಲಿ ನೊಬೆಲ್ ಬಂತು.

ಈ ರಕ್ತಪರೀಕ್ಷೆ ಶಸ್ತ್ರಚಿಕಿತ್ಸೆಯ ಕೊಠಡಿಗೂ ಜೊತೆಗೆ ಬರುತ್ತದೆ. ನೂರರಲ್ಲಿ ಸುಮಾರು 80ರಿಂದ 85 ಮಂದಿಯಲ್ಲಿ ಕೆಟ್ಟಿರುವುದು ಒಂದೇ ಗ್ರಂಥಿ. ಉಳಿದವರಲ್ಲಿ ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಕೆಟ್ಟಿರುತ್ತವೆ. ಕ್ಯಾನ್ಸರ್ ತೀರಾ ವಿರಳ. ಸ್ಕ್ಯಾನು ಒಂದನ್ನೇ ತೋರಿಸಿ ಇನ್ನೊಂದು ಅಡಗಿದ್ದರೆ? ಪಿಟಿಎಚ್ ನಿಮಿಷಗಳಲ್ಲಿ ಕರಗುವ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಗ್ರಂಥಿ ತೆಗೆದು ಹತ್ತು ನಿಮಿಷದ ನಂತರ ರಕ್ತ ತೆಗೆದು ನೋಡಿದಾಗ, ಮೊದಲಿದ್ದ ಅತಿಹೆಚ್ಚಿನ ಮಟ್ಟಕ್ಕಿಂತ ಪಿಟಿಎಚ್ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಕೆಲಸ ಮುಗಿದಂತೆ. ಇಳಿಯದಿದ್ದರೆ ಹುಡುಕಾಟ ಮುಂದುವರಿಯುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ, ಇಲ್ಲದಿದ್ದರೆ ಶಸ್ತ್ರಚಿಕಿತ್ಸಕರು ನಾಲ್ಕೂ ಗ್ರಂಥಿಗಳನ್ನು ನೋಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ‘ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ’ ಎಂದು ಕೇಳುವುದರಲ್ಲೂ ಸಂಕೋಚ ಬೇಡ. ಬೇರೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಅದನ್ನೂ ಪಡೆಯಬಹುದು. ನಿಮ್ಮ ಶಸ್ತ್ರಚಿಕಿತ್ಸಕರು ‘ತೆಗೆಯಬೇಕಾಗಬಹುದು’ ಎಂದು ಹೇಳಿ ಪರೀಕ್ಷೆಗಳಿಗೆ ಕಳಿಸಿದ್ದಾರೆ. ಗಂಟು ಕಂಡ ಕೂಡಲೇ ದಿನಾಂಕ ಗೊತ್ತುಮಾಡಿಲ್ಲ. ಅದು ನನಗೆ ಭರವಸೆ ಕೊಡುವ ವಿಷಯ.

ರೋಗ ಖಚಿತವಾದರೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಕಡ್ಡಾಯವಲ್ಲ. ಕ್ಯಾಲ್ಸಿಯಂ ಮೇಲ್ಮಿತಿಗಿಂತ 1 ಮಿಲಿಗ್ರಾಮಿಗಿಂತ ಹೆಚ್ಚು ಮೇಲಿದ್ದರೆ, ವಯಸ್ಸು 50ಕ್ಕಿಂತ ಕಡಿಮೆಯಿದ್ದರೆ, ಮೂಳೆ ಸಾಂದ್ರತೆಯ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿದ್ದರೆ, ಮೂತ್ರಪಿಂಡದಲ್ಲಿ ಕಲ್ಲಿದ್ದರೆ ಸಲಹೆ ಗಟ್ಟಿಯಾಗುತ್ತದೆ. ಹಾಗಾಗಿ ಮೂಳೆ ಸಾಂದ್ರತೆಯ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನು ಪಟ್ಟಿಯಲ್ಲಿ ಇಲ್ಲದಿದ್ದರೆ ವಿಚಾರಿಸಿ. ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಯಾಲ್ಸಿಯಂ ಅತಿ ಕೆಳಗಿಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ, ಅಂದರೆ ಎಷ್ಟೋ ವೇಳೆ ಮನೆಗೆ ಬಂದ ಮೇಲೆ. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನಿಸಿದರೆ ತಡಮಾಡದೆ ತಿಳಿಸಬೇಕು. ಆರು ತಿಂಗಳ ನಂತರವೂ ಕ್ಯಾಲ್ಸಿಯಂ ಸರಿಯಾಗಿಯೇ ಇದ್ದರೆ ಗುಣವಾಯಿತು ಎನ್ನುತ್ತೇವೆ. ಆಗ ಪಿಟಿಎಚ್ ತುಸು ಮೇಲಿದ್ದರೂ ಗಾಬರಿ ಬೇಡ, ಕ್ಯಾಲ್ಸಿಯಂ ಸರಿಯಿದ್ದರೆ ಅದು ಮರುಕಳಿಕೆಯಲ್ಲ.

ಇಷ್ಟೆಲ್ಲ ಕ್ರಮವಾಗಿ ಮಾಡಲು ನಿಮಗೆ ಕೆಲವು ವಾರಗಳು ಬೇಕು, ಈಗಿನ ಅಂಕಿಗಳಲ್ಲಿ ಆ ಸಮಯ ನಿಮಗಿದೆ. ಈ ನಡುವೆ ತಾಯಿಯವರು ನೀರು ಚೆನ್ನಾಗಿ ಕುಡಿಯಲಿ. ವಾಂತಿ, ಭೇದಿ, ಜ್ವರದಿಂದ ದೇಹ ಒಣಗಿದರೆ ಕ್ಯಾಲ್ಸಿಯಂ ಥಟ್ಟನೆ ಏರಬಹುದು. ಬಿಡದ ವಾಂತಿ, ವಿಪರೀತ ಬಾಯಾರಿಕೆ, ಮಂಪರು, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಕರೆದೊಯ್ದು ಕ್ಯಾಲ್ಸಿಯಂ ನೋಡಿಸಿ; 14ರ ಆಸುಪಾಸಿಗೆ ಬಂದರೆ ಅದು ತುರ್ತು ಚಿಕಿತ್ಸೆಯ ವಿಷಯ.